ಗಾಳಿ ಪಾಠದ ಕಡೇ ಪುಟ

ವಾದಿರಾಜ ಮಾಸ್ತರರ ಆ ಮಂಗಳವಾರ ಕೆಟ್ಟದ್ದು ಒಂದು ಫೋಟೋದಿಂದ. ತೆಗೆದವರು ಸುಧಾರಾಣಿ ಟೀಚರು, ತೆಗೆದದ್ದು ಒಳ್ಳೆಯ ಮನಸ್ಸಿನಿಂದ. ಈ ಲೋಕದಲ್ಲಿ ಒಳ್ಳೆಯ ಮನಸ್ಸಿನವರು ಇಷ್ಟೊಂದು ಮಂದಿ ಇರದಿದ್ದರೆ ನಮ್ಮ ಮಾಸ್ತರರಂಥವರು ಎಷ್ಟೋ ನೆಮ್ಮದಿಯಾಗಿ ಇರುತ್ತಿದ್ದರು.

ಸೋಮವಾರ ಮಧ್ಯಾಹ್ನ ಮಾಸ್ತರರು ಊಟಕ್ಕೆಂದು ಕೈ ತೊಳೆಯಲು ಎದ್ದಾಗ ಮೇಜಿನ ಮೇಲೆ ಅವರ ಪಾಠಯೋಜನೆಯ ಪುಸ್ತಕ ತೆರೆದೇ ಇತ್ತು. ಉದ್ದೇಶ, ಚಟುವಟಿಕೆ, ಸಾಮಗ್ರಿ, ಕೇಳುವ ಪ್ರಶ್ನೆ ಎಂದು ನೀಟಾಗಿ ಅಂಕಣ ಹಾಕಿ, ನೆಟ್ಟಗಿನ ದುಂಡು ಅಕ್ಷರದಲ್ಲಿ ಬರೆದ ಪುಟಗಳು. ಸುಧಾರಾಣಿ ಟೀಚರು ಎರಡು ಪುಟವನ್ನು ಮೊಬೈಲಿನಲ್ಲಿ ಹಿಡಿದರು. ಅಂಚಿನಲ್ಲಿ ಪೆನ್ಸಿಲ್ಲಿನ ಗೀಚು ಇತ್ತು. ಚೆಂದ ಕಾಣಲೆಂದು ಅದನ್ನು ಕತ್ತರಿಸಿ, ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿ, ‘ನಮ್ಮ ಸರ್ ಅವರನ್ನು ನೋಡಿ ಕಲಿಯೋಣ’ ಎಂದು ಬರೆದರು. ಆ ಗುಂಪಿನಲ್ಲಿ ಶಾಲೆಗಳ ತಪಾಸಣೆಗೆ ಬರುವ ತಿರುಮಲ ಸಾಹೇಬರೂ ಇದ್ದರು.

ಮರುದಿನ ಬೆಳಿಗ್ಗೆ ಮಾಸ್ತರರು ಹೊಸಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಸಂಡೂರಿನ ಬಸ್ಸು ಹತ್ತಿ ಕಿಟಕಿಯ ಸೀಟು ಹಿಡಿಯುವಷ್ಟರಲ್ಲಿ ಫೋನು ಬಂತು.

“ಸರ್, ಸಿಹಿ ಸುದ್ದಿ ಐತ್ರಿ,” ಅಂದರು ಸುಧಾರಾಣಿ ಟೀಚರು. “ಇವತ್ತು ತಿರುಮಲ ಸಾಹೇಬ್ರು ನಮ್ಮ ಶಾಲಿಗೆ ಬರಾಕತ್ಯಾರ. ನಿಮ್ಮ ಪಾಠ ನೋಡ್ತಾರಂತ. ಆಮ್ಯಾಲ ನಿಮ್ಮ ಬುಕ್ ಸಂಡೂರಿಗೆ ಒಯ್ದು, ಸ್ಕ್ಯಾನ್ ಮಾಡಿ, ಎಲ್ಲಾ ಶಾಲಿಗೂ ಕಳಿಸ್ತಾರಂತ.”

“ಒಯ್ತಾರ?”

“ಹೂಂ ಸರ್. ನಿಮ್ಮ ಬುಕ್ಕಿಗೆ ಯೋಗ ಬಂತು ನೋಡ್ರಿ.”

ಮಾಸ್ತರರು ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹಾಗೆ ಒಯ್ದ ಪುಸ್ತಕಗಳ ಕತೆ ಅವರಿಗೆ ಗೊತ್ತಿತ್ತು. ಮೂರು ವರ್ಷದ ಹಿಂದೆ ಪಕ್ಕದ ಊರಿನ ಕೊಟ್ರಯ್ಯ ಮಾಸ್ತರ ಮಾದರಿ ಪಾಠಯೋಜನೆಯನ್ನು ಯಾವನೋ ಅಧಿಕಾರಿ ಹೀಗೇ ಹೊಗಳಿ ಒಯ್ದಿದ್ದ. ಅದು ಹೋದ ದಾರಿ ತಿಳಿಯಲಿಲ್ಲ. ಕೊನೆಗೊಂದು ದಿನ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕೊಟ್ರಯ್ಯನೇ ಮಂಡಕ್ಕಿ ಮಿರ್ಚಿ ತಿನ್ನುವಾಗ, ಮಿರ್ಚಿ ಕಟ್ಟಿಕೊಟ್ಟ ಎಣ್ಣೆಕಾಗದದಲ್ಲಿ ತನ್ನ ‘ಸಸ್ಯದ ಭಾಗಗಳು’ ಪಾಠ ಕಂಡು, ತಿನ್ನಲೂ ಆಗದೆ ಬಿಸಾಡಲೂ ಆಗದೆ ಕೂತಿದ್ದನಂತೆ.

ಕೊಟ್ರಯ್ಯನದು ಹೋದರೆ ಅವನು ಇನ್ನೊಂದು ಬರೆದಾನು. ವಾದಿರಾಜ ಮಾಸ್ತರರಿಗೆ ಆ ಅನುಕೂಲ ಇರಲಿಲ್ಲ. ಯಾಕೆಂದರೆ ಆ ಪುಸ್ತಕದಲ್ಲಿ ಒಂದಕ್ಷರವನ್ನೂ ಅವರು ಬರೆದಿರಲಿಲ್ಲ.

ಬರೆದಾಕೆ ಅವರ ಹೆಂಡತಿ ವಿಜಯಲಕ್ಷ್ಮೀ. ಪಿಯುಸಿಯಲ್ಲಿ ವಿಜ್ಞಾನ ಓದಿದಾಕೆ, ಟೀಚರಾಗಬೇಕೆಂದು ಆಸೆಪಟ್ಟಾಕೆ. ಮದುವೆಯ ಗಡಿಬಿಡಿಯಲ್ಲಿ ಆ ಆಸೆ ಹಿಂದೆ ಉಳಿಯಿತು. ಗಂಡ ಮೊದಲ ವರ್ಷ ಪಾಠಯೋಜನೆ ಬರೆಯಲು ಕೂತು, ಇಡೀ ಭಾನುವಾರ ‘ಉದ್ದೇಶ’ ಎಂಬ ಒಂದು ಪದ ಬರೆದು ಪೆನ್ನು ಕಚ್ಚುತ್ತಿದ್ದುದನ್ನು ನೋಡಿ, “ನೌಕರಿ ನಿಮ್ದಿರಲಿ, ಪಾಠ ನಂದಿರಲಿ, ಇಲ್ಲಿ ಕೊಡ್ರಿ” ಎಂದು ಪೆನ್ನು ಇಸಿದುಕೊಂಡಿದ್ದಳು. ಆಮೇಲೆ ಇಪ್ಪತ್ತೊಂಬತ್ತು ವರ್ಷ ಅದನ್ನು ವಾಪಸು ಕೊಡಲಿಲ್ಲ. ದಂಪತಿಗೆ ಮಕ್ಕಳಿರಲಿಲ್ಲ. ಸಂಜೆ ಮಾಸ್ತರರು ಊಟಕ್ಕೆ ಕೂತಾಗ ಶಾಲೆಯ ಮಕ್ಕಳ ಸಮಾಚಾರವೇ ಮಾತು. ಯಾರು ಅತ್ತರು, ಯಾರು ಹಲ್ಲು ಕಳೆದುಕೊಂಡರು, ಯಾರು ಮೂರು ವರ್ಷದಿಂದ ಬಾಯಿ ಬಿಟ್ಟಿಲ್ಲ. ಒಬ್ಬರನ್ನೂ ಕಣ್ಣಾರೆ ಕಾಣದ ಆಕೆ ಎಲ್ಲರನ್ನೂ ಬಲ್ಲವಳಾಗಿದ್ದಳು.

ಪ್ರತಿ ಮೇ ರಜೆಯಲ್ಲಿ ಇಡೀ ವರ್ಷದ ಪಾಠ ಪೆನ್ನಿನಲ್ಲಿ ಬರೆದಿಡುತ್ತಿದ್ದಳು. ಅದು ಸರ್ಕಾರಕ್ಕೆ. ಅಂಚಿನಲ್ಲಿ ಪೆನ್ಸಿಲ್ಲಿನಿಂದ ಇರುವೆ ಸಾಲಿನಷ್ಟು ಸಣ್ಣಗೆ ಬೇರೆ ಬರೆಯುತ್ತಿದ್ದಳು. ಅದು ಗಂಡನಿಗೆ. ‘ಇಲ್ಲಿ ನಿಮಗ ಸಿಟ್ಟು ಬರ್ತದ. ಕಿಟಕಿ ಕಡೆ ನೋಡ್ರಿ.’ ‘ಇಲ್ಲಿ ನೀವು ಜೋಕ್ ಹೇಳಬ್ಯಾಡ್ರಿ, ನಿಮಗ ಬರೂದಿಲ್ಲ.’ ‘ಇಲ್ಲಿ ನೀರು ಕುಡೀರಿ, ಗಂಟಲು ಒಣಗಿರ್ತದ.’ ಈ ಕೊನೆಯ ಮಾತು ಮಾತ್ರ ಪ್ರತಿ ಪಾಠದಲ್ಲೂ ಇರುತ್ತಿತ್ತು. ಆಕೆಯದೊಂದು ಕಟ್ಟಳೆಯೂ ಇತ್ತು. ಆಯಾ ಪಾಠದ ಪುಟವನ್ನು ಆಯಾ ದಿನ ಬೆಳಿಗ್ಗೆ ಬಸ್ಸಿನಲ್ಲೇ ಓದಬೇಕು, ಮುಂಚೆ ಓದಿದರೆ ಮರೆತುಬಿಡುತ್ತೀರಿ ಎಂದು. ಮಾಸ್ತರರು ಅದನ್ನು ಒಂದು ದಿನವೂ ಮುರಿದಿರಲಿಲ್ಲ.

ಹೋದ ಶ್ರಾವಣದಲ್ಲಿ ಮೂರು ದಿನದ ಜ್ವರಕ್ಕೆ ವಿಜಯಲಕ್ಷ್ಮೀ ಹೋಗಿಬಿಟ್ಟಳು. ಹಿಂದಿನ ವರ್ಷಗಳ ಪುಸ್ತಕಗಳೆಲ್ಲ ಶಾಲೆಯ ಬೀರು ಸೇರಿ ಗೆದ್ದಲಿಗೆ ಊಟವಾಗಿದ್ದವು. ಆಗ ಯಾರೂ ಅದರ ಚಿಂತೆ ಮಾಡಿರಲಿಲ್ಲ, ಮುಂದಿನ ಮೇ ತಿಂಗಳು ಇದ್ದೇ ಇತ್ತಲ್ಲ. ಉಳಿದದ್ದು ಇದೊಂದು ಪುಸ್ತಕ. ಶ್ರಾವಣದಿಂದ ಈಚೆಗೆ ಮಾಸ್ತರರು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಒಂದೊಂದೇ ಪುಟ ತೆರೆದು, ಅಂಚು ಓದಿ, ಶಾಲೆಗೆ ಹೋಗಿ ಹೇಳಿದ ಕಡೆ ಸುಮ್ಮನಿದ್ದು, ಹೇಳಿದ ಕಡೆ ನೀರು ಕುಡಿದು ಬದುಕಿದ್ದರು.

ಈಗ ಮಾರ್ಚ್ ಬಂದಿತ್ತು. ಪುಸ್ತಕದಲ್ಲಿ ಒಂದೇ ಪಾಠ ಉಳಿದಿತ್ತು, ‘ಗಾಳಿ’. ಅದನ್ನು ಓದಿಬಿಟ್ಟರೆ ಆಮೇಲೆ ಓದುವುದಕ್ಕೆ ಏನೂ ಇಲ್ಲ. ಹಾಗಾಗಿ ಮಾಸ್ತರರು ಮೂರು ವಾರದಿಂದ ಅದಕ್ಕಿಂತ ಹಿಂದಿನ ‘ನೀರು’ ಪಾಠವನ್ನೇ ಮಾಡುತ್ತಿದ್ದರು. ಹದಿನಾಲ್ಕು ಮಕ್ಕಳು ನೀರಿನಲ್ಲಿ ನೆನೆದು ನೆನೆದು ಬೇಸತ್ತಿದ್ದವು.

ಇಂಥ ಪುಸ್ತಕವನ್ನು ಸಾಹೇಬರು ಒಯ್ಯುವುದೆಂದರೇನು. ಬಸ್ಸು ಸಂಡೂರಿನ ಗುಡ್ಡದ ನಡುವೆ ಅದಿರಿನ ಲಾರಿಗಳ ಹಿಂದೆ ಕೆಂಧೂಳು ಕುಡಿಯುತ್ತ ಸಾಗುವಾಗ ಮಾಸ್ತರರು ಒಂದು ತೀರ್ಮಾನಕ್ಕೆ ಬಂದರು. ಪುಸ್ತಕ ಬಚ್ಚಿಡುವುದು. ಅದು ನಡೆಯದಿದ್ದರೆ, ಸಾಹೇಬರಿಗೆ ಅಸಹ್ಯವಾಗುವಷ್ಟು ಕೆಟ್ಟದಾಗಿ ಪಾಠ ಮಾಡುವುದು. ಕೆಟ್ಟ ಪಾಠದ ಯೋಜನೆ ಯಾರಿಗೆ ಬೇಕು? ಗಾಳಿಯ ಪುಟವನ್ನು ಬೇಕೆಂದೇ ತೆರೆಯಲಿಲ್ಲ. ಓದಿದರೆ ಎಲ್ಲಿ ಚೆನ್ನಾಗಿ ಪಾಠ ಮಾಡಿಬಿಡುತ್ತೇನೋ ಎಂಬ ಭಯ.

ಶಾಲೆ ಇದ್ದದ್ದು ಚೋರನೂರಿನಿಂದ ಆಚೆ ಒಂದು ಸಣ್ಣ ಹಟ್ಟಿಯಲ್ಲಿ. ಎರಡು ಕೋಣೆ, ಇಬ್ಬರು ಶಿಕ್ಷಕರು, ಹಿಂದೊಂದು ಅಡುಗೆಮನೆ. ಮಾಸ್ತರರು ಎಲ್ಲರಿಗಿಂತ ಮುಂಚೆ ಹೋಗಿ, ಬಿಸಿಯೂಟದ ಚೆನ್ನಬಸಮ್ಮ ಇನ್ನೂ ಬಂದಿರದ ಸಮಯ ನೋಡಿ, ಪುಸ್ತಕವನ್ನು ತೊಗರಿಬೇಳೆಯ ಡಬ್ಬಿಯಲ್ಲಿ ಹೂತು, ಮೇಲೆ ಬೇಳೆ ಸಮ ಮಾಡಿ ಮುಚ್ಚಳ ಹಾಕಿದರು. ಆ ದಿನ ಬೇಳೆಯ ಸಾರಿನ ದಿನ ಎಂಬುದನ್ನು ಅವರು ನೋಡಿಕೊಂಡಿರಲಿಲ್ಲ.

ಹನ್ನೊಂದಕ್ಕೆ ಸಾಹೇಬರ ಜೀಪು ಬಂತು. ತಿರುಮಲ ಸಾಹೇಬರು ಕೆಟ್ಟವರಲ್ಲ. ಒಳ್ಳೆಯದು ಕಂಡರೆ ತಡೆದುಕೊಳ್ಳಲಾಗದ ಜಾತಿ.

“ಎಲ್ರಿ ಮಾಸ್ತರ, ಆ ಬುಕ್ ತೋರಿಸ್ರಿ. ರಾತ್ರಿಯೆಲ್ಲಾ ಅದ ತಲ್ಯಾಗ.”

“ಸರ್, ಮನ್ಯಾಗ ಮರತು ಬಂದೀನ್ರಿ.”

“ಅಷ್ಟ ಅಲ್ಲೇನು? ಹೊಸಪೇಟಿಗೆ ಜೀಪ್ ಕಳಿಸ್ತೀನಿ. ಮನ್ಯಾಗ ಯಾರಿದ್ದಾರ ಕೊಡಾಕ?”

ಮನೆಯಲ್ಲಿ ಯಾರಿದ್ದಾರೆ ಎಂಬ ಮಾತಿಗೆ ಉತ್ತರ ಕೊಡುವುದು ಶ್ರಾವಣದಿಂದ ಮಾಸ್ತರರಿಗೆ ಒಗ್ಗಿರಲಿಲ್ಲ. ಅವರು ತಡವರಿಸುತ್ತಿರುವಾಗಲೇ ಚೆನ್ನಬಸಮ್ಮ ಸೆರಗಿನಿಂದ ಪುಸ್ತಕ ಒರೆಸುತ್ತ ಬಾಗಿಲಿಗೆ ಬಂದಳು.

“ಮಾಸ್ತರ, ನಿಮ್ಮ ಬುಕ್ಕು ಬ್ಯಾಳಿ ಡಬ್ಬ್ಯಾಗ ಬಿದ್ದಿತ್ತು ನೋಡ್ರಿ. ನಾ ನೋಡಿದ್ದಕ್ಕ ಆತು, ಇಲ್ಲಂದ್ರ ಕುದಿಸೇ ಬಿಡ್ತಿದ್ದೆ.”

ಸಾಹೇಬರು ಪುಸ್ತಕವನ್ನೂ ಮಾಸ್ತರರನ್ನೂ ನೋಡಿದರು. “ಬ್ಯಾಳಿ ಡಬ್ಬ್ಯಾಗ ಪಾಠಯೋಜನಾ?”

ಮಾಸ್ತರರು ಏನಾದರೂ ಹೇಳುವ ಮೊದಲೇ ಸುಧಾರಾಣಿ ಟೀಚರು ಕಾಪಾಡಲು ಧಾವಿಸಿದರು. “ಸರ್, ನಮ್ಮ ಬೀರುವಿನಾಗ ಗೆದ್ದಲ ಭಾಳ ರೀ. ಸರ್ ತಮ್ಮ ಬುಕ್ಕಿನ ಮ್ಯಾಲ ಜೀವಾನೇ ಇಟ್ಕೊಂಡಾರ. ಅದಕ್ಕ ಬಿಗಿ ಮುಚ್ಚಳದ ಡಬ್ಬಿ ಹುಡುಕ್ಯಾರ.”

“ಎಂಥಾ ಕಾಳಜಿ ನೋಡ್ರಿ,” ಎಂದು ಸಾಹೇಬರು ಪುಸ್ತಕದಿಂದ ಎರಡು ಬೇಳೆ ಉದುರಿಸಿ, ಅದನ್ನು ಕಂಕುಳಲ್ಲಿ ಇಟ್ಟುಕೊಂಡು, ತರಗತಿಯ ಹಿಂದಿನ ಕುರ್ಚಿಯಲ್ಲಿ ಕೂತರು. ಕೂತವರು ಮಕ್ಕಳನ್ನೇ ಮಾತಾಡಿಸಿದರು.

“ನಿನ್ನಿ ಯಾವ ಪಾಠ ಆತು ಮಕ್ಕಳ?”

“ನೀರು ಸಾ,” ಅಂದವು ಹದಿನಾಲ್ಕೂ.

“ಮೊನ್ನಿ?”

“ನೀರು ಸಾ.”

“ಹೋದ ವಾರ?”

“ನೀರ ಸಾ,” ಅಂದಿತು ಮುಂದಿನ ಸಾಲಿನ ಒಂದು ದನಿ, ಬದುಕಿನಲ್ಲಿ ಸೋತವರ ರೀತಿ.

ಮಾಸ್ತರರಿಗೆ ಒಳಗೊಳಗೇ ಸಮಾಧಾನವಾಯಿತು. ಇನ್ನೇನು, ಸಾಹೇಬರು ಸಿಡಿದೇಳುತ್ತಾರೆ, ನೋಟೀಸು ಕೊಡುತ್ತಾರೆ, ಪುಸ್ತಕ ಮುಖದ ಮೇಲೆ ಎಸೆದು ಹೋಗುತ್ತಾರೆ. ಎಸೆದರೆ ಹಿಡಿದುಕೊಳ್ಳಲು ಅವರು ಒಂದು ಹೆಜ್ಜೆ ಮುಂದೆ ಬಂದೂ ನಿಂತರು.

“ಪುನರಾವರ್ತನೆ,” ಅಂದರು ಸಾಹೇಬರು ತಲೆದೂಗುತ್ತ. “ಈಗಿನ ಮಂದಿ ಪಾಠ ಮುಗಿಸಿ ಓಡ್ತಾರ. ನೀವು ಬುನಾದಿ ಗಟ್ಟಿ ಮಾಡಾಕತ್ತೀರಿ. ನಡೀಲಿ, ಇವತ್ತು ಗಾಳಿ ತಗೋರಿ. ನಾ ಇಲ್ಲಿ ಬುಕ್ ಇಟ್ಕೊಂಡು ಸಾಲು ಸಾಲು ತಾಳೆ ನೋಡ್ತೀನಿ.”

ಅಂದರೆ ಆ ಪುಟವನ್ನು ಮೊದಲು ತೆರೆದದ್ದು ಮಾಸ್ತರರಲ್ಲ, ಸಾಹೇಬರು. ತಮಗೆ ಬಂದ ಕಾಗದವನ್ನು ಬೇರೆಯವರು ಒಡೆದು ಓದುತ್ತ ಕೂತಿದ್ದನ್ನು ನೋಡುತ್ತ ಪಾಠ ಮಾಡಬೇಕು. ಆದರೂ ಮನಸ್ಸು ಗಟ್ಟಿ ಮಾಡಿಕೊಂಡು, ಕೆಟ್ಟ ಪಾಠಕ್ಕೆ ಕೈ ಹಾಕಿದರು.

ಬಕೆಟ್ಟಿನಲ್ಲಿ ನೀರು ತರಿಸಿದರು. ಚೆನ್ನಬಸಮ್ಮನ ಗಾಜಿನ ಲೋಟದ ತಳಕ್ಕೆ ಕಾಗದದ ಉಂಡೆ ತುರುಕಿದರು. ಲೋಟವನ್ನು ಬೋರಲು ಮಾಡಿ ನೆಟ್ಟಗೆ ನೀರಿನಲ್ಲಿ ಮುಳುಗಿಸಿದರೆ ಒಳಗಿನ ಗಾಳಿ ನೀರನ್ನು ತಡೆಯುತ್ತದೆ, ಕಾಗದ ಒಣಗಿಯೇ ಉಳಿಯುತ್ತದೆ. ಇದು ಪಠ್ಯಪುಸ್ತಕದಲ್ಲಿ ಚಿತ್ರ ಸಮೇತ ಇದ್ದ ಪ್ರಯೋಗ, ಕೆಡುವುದು ಕಷ್ಟ. ಮಾಸ್ತರರು ಕೆಡಿಸಿದರು. ಲೋಟವನ್ನು ಬೇಕೆಂದೇ ಓರೆ ಮಾಡಿ ಮುಳುಗಿಸಿದರು. ಬುಳುಕ್ ಎಂದು ಒಂದು ದೊಡ್ಡ ಗುಳ್ಳೆ ಮೇಲೆ ಬಂತು. ಕಾಗದ ನೆನೆದು ಮುದ್ದೆಯಾಗಿ ಬಕೆಟ್ಟಿನಲ್ಲಿ ತೇಲಿತು.

ಮುಂದೆ ಏನು ಹೇಳಬೇಕೆಂದು ಅವರಿಗೆ ತಿಳಿಯಲಿಲ್ಲ. ಪುಟ ಓದಿರಲಿಲ್ಲವಲ್ಲ. ಸುಮ್ಮನೆ ನಿಂತರು. ಹದಿನಾಲ್ಕು ಮಕ್ಕಳೂ ಸುಮ್ಮನೆ ನೋಡಿದವು. ಒಂದು ನಿಮಿಷ ಕಳೆಯಿತು. ಸಾಹೇಬರು ಕೆಮ್ಮಿದರು.

ಆಗ ಮೂಲೆಯಿಂದ ಕರೆಮ್ಮ ಎದ್ದು ನಿಂತಳು. ಕರೆಮ್ಮ ಎಂದರೆ, ಮೂರು ವರ್ಷದಲ್ಲಿ ಹಾಜರಿ ಕೂಗಿದಾಗ ಬಿಟ್ಟು ಬೇರೆ ಮಾತಾಡದ ಹುಡುಗಿ.

“ಸಾ, ಅದರಾಗ ಏನೋ ಇತ್ತು ರೀ,” ಅಂದಳು. “ಬುಳುಕ್ ಅಂತ ಹೊರಗ ಹೋತು. ಅದು ಹೋದ ಮ್ಯಾಲ ನೀರು ಒಳಗ ಬಂತು.”

ಯಾರೂ ಕರೆಯದೆಯೇ ಮುಂದೆ ಬಂದು, ಲೋಟ ಒರೆಸಿ, ಹೊಸ ಕಾಗದ ತುರುಕಿ, ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮುಳುಗಿಸಿದಳು. ತೆಗೆದು ತೋರಿಸಿದಾಗ ಕಾಗದ ನೆನೆದಿರಲಿಲ್ಲ. “ಈ ಸಲ ಹೊರಗ ಬಿಡಲಿಲ್ರಿ,” ಅಂದಳು. “ಕಾಣಂಗಿಲ್ಲ, ಆದ್ರ ಒಳಗ ಕುಂತೈತಿ.”

ಮಾಸ್ತರರಿಗೆ ತಾವು ಪಾಠ ಕೆಡಿಸಲು ನಿಂತಿದ್ದೇ ಮರೆತುಹೋಯಿತು. ಇವತ್ತು ಸಂಜೆ ಇದನ್ನು ಹೇಳಿದರೆ ಹೆಂಡತಿಗೆ ಎಷ್ಟು ಹಿಗ್ಗಾಗುತ್ತದೆ ಎಂದು ಒಂದು ಗಳಿಗೆ ಅಂದುಕೊಂಡರು. ಆಮೇಲೆ ಮನೆಯಲ್ಲಿ ಕೇಳುವವರಿಲ್ಲ ಎಂಬುದು ನೆನಪಾಯಿತು. ಎಂಟು ತಿಂಗಳಾದರೂ ಇದು ದಿನಕ್ಕೊಮ್ಮೆಯಾದರೂ ಆಗುತ್ತಿತ್ತು.

ಸಾಹೇಬರು ಎದ್ದು ನಿಂತಿದ್ದರು. ಪುಸ್ತಕದ 'ಚಟುವಟಿಕೆ' ಅಂಕಣವನ್ನು ಗಟ್ಟಿಯಾಗಿ ಓದಿದರು. “‘ಶಿಕ್ಷಕರು ಮೊದಲು ಲೋಟವನ್ನು ಓರೆಯಾಗಿ ಮುಳುಗಿಸುವುದು. ಏನನ್ನೂ ಹೇಳದೆ ಒಂದು ನಿಮಿಷ ಕಾಯುವುದು. ಮಕ್ಕಳೇ ಕಾರಣ ಹೇಳುವರು.’ ಮಾಸ್ತರ, ಇಪ್ಪತ್ತು ವರ್ಷದಾಗ ಇಂಥಾ ಪಾಠ ನಾ ನೋಡಿಲ್ಲ. ಬರದದ್ದು ಒಂದು ಅಕ್ಷರ ಆಚೀಚೆ ಆಗಲಿಲ್ಲ.”

ವಾದಿರಾಜ ಮಾಸ್ತರರು ಬಕೆಟ್ಟಿನ ಅಂಚು ಹಿಡಿದುಕೊಂಡರು. ತಮ್ಮ ಕೈ ಓರೆಯಾಗುತ್ತದೆ, ತಮಗೆ ಮಾತು ತೋಚುವುದಿಲ್ಲ ಎಂಬುದನ್ನು ವಿಜಯಲಕ್ಷ್ಮೀ ಹೋದ ಮೇ ತಿಂಗಳಲ್ಲೇ ತಿಳಿದು, ಅದನ್ನೂ ಪಾಠದೊಳಗೆ ಸೇರಿಸಿ ಹೋಗಿದ್ದಳು. ಪೆನ್ನಿನಲ್ಲಿ ಇಷ್ಟು ಬರೆದವಳು ಪೆನ್ಸಿಲ್ಲಿನಲ್ಲಿ ಏನು ಬರೆದಿರಬೇಡ. ಆ ಅಂಚು ಓದಬೇಕು ಎಂಬ ಆಸೆ ಬಾಯಾರಿಕೆಯಂತೆ ಎದ್ದಿತು.

ಅಷ್ಟರಲ್ಲಿ ಸಾಹೇಬರು ಪುಟ ಮಗುಚಿದರು. “ಇದೇನ್ರಿ ಕಡೇ ಪುಟದಾಗ? ಪೂರಾ ಪೆನ್ಸಿಲ್ಲಾಗ ಬರದೀರಿ?” ಎಂದು ಕನ್ನಡಕ ಮೇಲೆ ಸರಿಸಿ ಪುಸ್ತಕವನ್ನು ಕಣ್ಣ ಹತ್ತಿರ ತಂದರು.

ಸತ್ಯ ಹೇಳಲು ಇದ್ದ ಗಳಿಗೆ ಅದೇ. ಆದರೆ ಪಾಠಯೋಜನೆ ಶಿಕ್ಷಕರ ಸ್ವಂತ ಕೈಬರಹದಲ್ಲೇ ಇರತಕ್ಕದ್ದು ಎಂಬ ಸುತ್ತೋಲೆ ಅವರ ಕೊಠಡಿಯ ಗೋಡೆಗೇ ಅಂಟಿತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅದಕ್ಕಿಂತ ಹೆಚ್ಚಾಗಿ, ತಾವೇ ಇನ್ನೂ ಓದದ ಮಾತನ್ನು ಸಾಹೇಬರು ಹದಿನಾಲ್ಕು ಮಕ್ಕಳ ಎದುರಿಗೆ ಗಟ್ಟಿಯಾಗಿ ಓದಿಬಿಟ್ಟರೆ? ಮಾಸ್ತರರು ಓಡಿಬಂದು ಪುಟದ ಮೇಲೆ ಒದ್ದೆ ಕೈ ಇಟ್ಟರು.

“ನೋಡಬ್ಯಾಡ್ರಿ ಸರ್. ಅದೇನಲ್ಲ. ಸುಮ್ನ ಗೀಚಿದ್ದು. ಹೊಲಸು.”

“ಹೊಲಸಾ?”

“ಪುಸ್ತಕ ತುಂಬ ಹಂಗ ಗೀಚೀನಿ. ಅದಕ್ಕ ನಿಮಗ ಕೊಡಾಕ ನಾಚಿಕಿ ಆಗ್ತದ. ಬ್ಯಾಡ್ರಿ ಸರ್, ಇಂಥಾ ಪುಸ್ತಕ ಎಲ್ಲಾ ಶಾಲಿಗೂ ಕಳಿಸಿದ್ರ ಚೊಲೊ ಕಾಣೂದಿಲ್ಲ.”

ಸಾಹೇಬರು ನಕ್ಕರು. “ಬ್ಯಾಳಿ ಡಬ್ಬ್ಯಾಗ ಮುಚ್ಚಿಟ್ಟದ್ದು ಇದಕ್ಕೇನು? ನಿಮ್ಮಂಥಾ ಸಂಕೋಚದ ಮನುಷ್ಯಾನ್ನ ನಾ ನೋಡಿಲ್ಲ. ಅದರ ಚಿಂತಿ ನನಗ ಬಿಡ್ರಿ. ಸಂಜಿ ನಾಕೂವರಿಗೆ ಸಂಡೂರಾಗ ನನ್ನ ಕಚೇರಿಗೆ ಬರ್ರಿ, ನಿಮ್ಮ ಬುಕ್ ನಿಮ್ಮ ಕೈಯಾಗ ಇರ್ತೈತಿ. ಇದು ನನ್ನ ಮಾತು.”

“ಸರ್, ಒಂದ ನಿಮಿಷ ಕೊಡ್ರಿ. ಈ ಪುಟ ಒಂದು ನೋಡಿ ಕೊಡ್ತೀನಿ.”

“ನೀವ ಬರದದ್ದನ್ನ ನೀವೇನು ನೋಡ್ತೀರಿ?” ಎಂದರು ಸಾಹೇಬರು. ಪುಸ್ತಕ ಜೀಪು ಹತ್ತಿತು. ಜೀಪು ಹಟ್ಟಿಯ ತಿರುವಿನಲ್ಲಿ ಮರೆಯಾಯಿತು.

ಆ ಮಧ್ಯಾಹ್ನ ಮಾಸ್ತರರಿಗೆ ದೊರೆತ ಸನ್ಮಾನವನ್ನು ಅವರ ವೈರಿಗೂ ಹಾರೈಸಬಾರದು. ಸುಧಾರಾಣಿ ಟೀಚರು ಗುಂಪಿಗೆ ಮತ್ತೆ ಸುದ್ದಿ ಹಾಕಿದರು, ನಲವತ್ತಾರು ಮಂದಿ ಅಭಿನಂದನೆ ಹೇಳಿದರು. ಕೊಟ್ರಯ್ಯ ಮಾತ್ರ ‘ಮಿರ್ಚಿ ಅಂಗಡಿ ಕಡೆ ಒಂದು ಕಣ್ಣಿರಲಿ’ ಎಂದು ಬರೆದ. ಚೆನ್ನಬಸಮ್ಮ ಎರಡು ಸೌಟು ಸಾರು ಹೆಚ್ಚು ಬಡಿಸಿ, “ನಾ ಬುಕ್ಕು ತೆಗದದ್ದಕ್ಕ ನಿಮ್ಮ ಮರ್ಯಾದಿ ಉಳೀತು ನೋಡ್ರಿ ಮಾಸ್ತರ” ಅಂದಳು. ಮಾಸ್ತರರು ಹೌದೆಂದರು. ಸಾರಿನಲ್ಲಿ ಕೈಯಾಡಿಸಿದರು. ಹೆಂಡತಿಯ ಅಕ್ಷರಕ್ಕೆ ತಾವೇ ‘ಹೊಲಸು’ ಎಂದಿದ್ದರು. ಸಂಜೆ ಪುಸ್ತಕ ಸಿಕ್ಕ ಕೂಡಲೇ ತಪ್ಪಾಯಿತು ಎಂದು ಹೇಳಬೇಕು, ಯಾರಿಗೆ ಹೇಳುವುದೆಂದು ಗೊತ್ತಿಲ್ಲ, ಪುಟಕ್ಕೇ ಹೇಳಬೇಕು.

ಶಾಲೆ ಬಿಟ್ಟದ್ದೇ ಓಡಿದರು. ಬಸ್ಸು ಅದಿರಿನ ಲಾರಿಗಳ ಸಾಲಿನ ಹಿಂದೆ ಸಿಕ್ಕಿಬಿತ್ತು. ಮಾಸ್ತರರು ಕಂಡಕ್ಟರನನ್ನು ಆರು ಸಲ ಟೈಮು ಕೇಳಿ, “ನಿಮ್ಮ ಕೈಯಾಗ ವಾಚ್ ಐತಲ್ರಿ” ಎಂದು ಹೇಳಿಸಿಕೊಂಡರು. ಸಂಡೂರಿನಲ್ಲಿ ಇಳಿದಾಗ ಐದೂವರೆಗೆ ಹತ್ತು ನಿಮಿಷ. ಕಚೇರಿ ಮುಚ್ಚಿರುತ್ತದೆ ಎಂದುಕೊಂಡೇ ಮೆಟ್ಟಿಲು ಹತ್ತಿದರು.

ಮುಚ್ಚಿರಲಿಲ್ಲ. ಗುಮಾಸ್ತ ರಾಮಾಂಜಿನಿ ಒಬ್ಬನೇ ಕೂತಿದ್ದ. ಅವನ ಮುಂದೆ, ಕಂದು ಕಾಗದದ ಹೊದಿಕೆಯಲ್ಲಿ, ಪುಸ್ತಕ.

“ಬರ್ರಿ ಸರ್, ನಿಮ್ಮ ದಾರೀನ ಕಾಯಾಕತ್ತಿದ್ದೆ. ಇದನ್ನ ನಿಮ್ಮ ಕೈಗೇ ಕೊಟ್ಟು ಹೋಗಬೇಕಂತ ಕುಂತೀನಿ.”

ಮಾಸ್ತರರು ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗೆ ಒತ್ತಿಕೊಂಡರು. ಬೆಂಚಿನ ಮೇಲೆ ಕೂತರು. ಇಡೀ ದಿನ ಎಂಥ ಒಳ್ಳೆಯ ಮಂದಿಯನ್ನು ಅನುಮಾನಿಸಿದೆನಲ್ಲ ಎಂದು ನಾಚಿಕೆಯೂ ಆಯಿತು. ಸಾಹೇಬರು ಮಾತಿಗೆ ತಪ್ಪುವವರಲ್ಲ. ಹೊಸಪೇಟೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು ಕಡೇ ಪುಟ ತೆರೆಯಬೇಕು, ಕಟ್ಟಳೆ ಇದ್ದ ಹಾಗೆ ಬಸ್ಸಿನಲ್ಲೇ, ನಿಧಾನವಾಗಿ.

“ತೆಗದು ನೋಡ್ರಲ್ಲ ಸರ್ ಒಮ್ಮೆ,” ಅಂದ ರಾಮಾಂಜಿನಿ. ಅವನ ಮುಖದಲ್ಲಿ ಮೆಚ್ಚುಗೆಗೆ ಕಾದವರ ನಗು ಇತ್ತು. “ನಿಮಗ ಖುಷಿ ಆಕ್ಕೈತಿ.”

ಮಾಸ್ತರರು ತೆಗೆದು ನೋಡಿದರು. ಪೆನ್ನಿನ ಅಕ್ಷರ ಹಾಗೇ ಇತ್ತು. ಅಂಚು ಬೆಳ್ಳಗಿತ್ತು. ಇನ್ನೊಂದು ಪುಟ ತಿರುವಿದರು. ಅದೂ ಬೆಳ್ಳಗಿತ್ತು.

“ಸಾಹೇಬ್ರು ಹೇಳಿದ್ರು ಸರ್. ಮಾಸ್ತರು ಪೆನ್ಸಿಲ್ ಗೀಚಿಗೆ ಭಾಳ ನಾಚ್ಕೊಂಡಾರ, ಸ್ಕ್ಯಾನ್ ಮಾಡೂಕಿಂತ ಮೊದ್ಲ ಎಲ್ಲಾ ಅಳಿಸಿಬಿಡು, ಪಾಪ ಅವ್ರ ಮನಸಿಗೂ ಸಮಾಧಾನ ಆಕ್ಕೈತಿ ಅಂತ. ಎರಡಕ್ಕ ಕುಂತವ, ಸ್ಕ್ಯಾನೂ ಮುಗಿಸಿ ಈಗ ಎದ್ದೆ. ಮೂರು ರಬ್ಬರ್ ಸವದ್ವು. ಊಟಕ್ಕೂ ಹೋಗಲಿಲ್ರಿ.”

ಮಾಸ್ತರರು ಕಡೇ ಪುಟಕ್ಕೆ ಬಂದರು. ಅಲ್ಲಿ ಪೆನ್ನಿನ ಅಕ್ಷರವೂ ಇರಲಿಲ್ಲ. ಆ ಪುಟವನ್ನು ಆಕೆ ಪೂರ್ತಿ ಗಂಡನಿಗೆಂದೇ ಬರೆದಿದ್ದಳು.

“ಅದ ಭಾಳ ತ್ರಾಸ ಕೊಡ್ತು ನೋಡ್ರಿ,” ಅಂದ ರಾಮಾಂಜಿನಿ. “ಮ್ಯಾಲಿಂದ ಕೆಳಗಿನ ತನಕ ತುಂಬಿತ್ತು. ಒತ್ತಿ ಬರದಿದ್ರಿ.”

“ಏನಿತ್ತಪ್ಪ ಅದರಾಗ?”

“ನಾ ಓದಲಿಲ್ರಿ.”

“ಒಂದು ಸಾಲು? ಮೊದಲಿಂದು?”

“ಇಲ್ಲ ಸರ್. ಮಂದಿ ಖಾಸಗಿದು ಕಣ್ಣಿಗೆ ಬಿದ್ರೂ ಓದಬಾರ್ದು ಅಂತ ನಮ್ಮಪ್ಪ ಕಲಿಸ್ಯಾನ. ನೀವು ಅದರ ಚಿಂತಿ ಬಿಡ್ರಿ. ದೇವರಾಣಿ, ಒಂದಕ್ಷರ ಓದಿಲ್ಲ.”

ಇಷ್ಟು ಪ್ರಾಮಾಣಿಕನಾದ ಗುಮಾಸ್ತ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬ ಇದ್ದಿರಲಾರ. ಅವನು ಸಿಕ್ಕಿದ್ದು ವಾದಿರಾಜ ಮಾಸ್ತರರಿಗೆ. ಮಾಸ್ತರರು ಅವನ ಮುಖ ನೋಡಿದರು. ಅವನು ಕಾಯುತ್ತಿದ್ದ.

“ಭಾಳ ಉಪಕಾರ ಆತಪ್ಪ,” ಅಂದರು.

ಮೇಜಿನ ಮೇಲೆ ರಬ್ಬರಿನ ಕಪ್ಪು ಪುಡಿ ಸಣ್ಣ ಗುಡ್ಡೆಯಾಗಿ ಬಿದ್ದಿತ್ತು. ರಾಮಾಂಜಿನಿ ಬಗ್ಗಿ ಉಫ್ ಎಂದು ಊದಿದ. ಅರ್ಧದಷ್ಟು ಹಾರಿ ನೆಲಕ್ಕೆ ಬಿತ್ತು. ಇನ್ನೊಮ್ಮೆ ಊದಲು ಉಸಿರು ತುಂಬಿಕೊಳ್ಳುವಷ್ಟರಲ್ಲಿ ಮಾಸ್ತರರು ಅಂಗೈ ಅಡ್ಡ ಹಿಡಿದರು. “ಇರಲಿ ಇರಲಿ, ನಾ ತಗೀತೀನಿ” ಎಂದು ಚೀಲದಿಂದ ಒಂದು ಹಾಳೆ ತೆಗೆದು, ಮೇಜಿನ ಮೇಲಿನದನ್ನೂ, ಮೊಣಕಾಲೂರಿ ನೆಲದ ಮೇಲಿನದನ್ನೂ ಬೆರಳಿನಿಂದ ಒತ್ತಿ ಒತ್ತಿ ಹೆಕ್ಕಿ ಹಾಳೆಗೆ ಹಾಕಿಕೊಂಡರು.

“ಸ್ವಚ್ಛತಾ ಅಂದ್ರ ನಿಮ್ದು ಸರ್,” ಎಂದು ರಾಮಾಂಜಿನಿ ಮೆಚ್ಚಿದ. “ಕಸದ ಬುಟ್ಟಿ ಆ ಮೂಲ್ಯಾಗ ಐತ್ರಿ.”

ಹೊಸಪೇಟೆಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಪುಸ್ತಕ ತೆರೆದು ಕಡೇ ಪುಟದ ಮೇಲೆ ಬೆರಳಾಡಿಸಿದರು. ಒತ್ತಿ ಬರೆದ ಗುರುತು ಎಲ್ಲಾದರೂ ಉಳಿದೀತೇನೋ ಎಂದು ಬೆಳಕಿಗೆ ಹಿಡಿದು ನೋಡಿದರು. ರಾಮಾಂಜಿನಿ ಮನಸ್ಸಿಟ್ಟು ಕೆಲಸ ಮಾಡಿದ್ದ. ಬೆರಳಿಗೆ ಬರೀ ತರಿ ಸಿಕ್ಕಿತು. ಪುಸ್ತಕ ಮುಚ್ಚಿ, ಕಿಟಕಿಯ ಗಾಜು ಎಳೆದು, ಮಡಿಲಲ್ಲಿ ಹಾಳೆಯ ಪೊಟ್ಟಣ ಬಿಚ್ಚಿದರು. ಎಂಟು ತಿಂಗಳು ಓದಿದ ಅಂಚುಗಳೂ ಓದದ ಒಂದು ಪುಟವೂ ಸೇರಿ ಒಂದು ಚಮಚೆಯಷ್ಟಿತ್ತು. ಇದರಲ್ಲಿ ಯಾವುದು ಆ ಪುಟದ್ದು ಎಂದು ಬೆರಳಿನಿಂದ ಸರಿಸಿ ಸರಿಸಿ ನೋಡಿದರು. ನೋಡಿ ತಿಳಿಯುವಂಥದ್ದಲ್ಲ ಎಂಬುದು ಗೊತ್ತಿದ್ದೇ ನೋಡಿದರು.

ಪಕ್ಕದ ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

“ಯಜಮಾನ್ರ, ಕಿಟಕಿ ತಗೀರಿ. ಉಸಿರು ಕಟ್ಟಾಕತ್ತೈತಿ. ಒಂಚೂರು ಗಾಳಿ ಬರಲಿ.”

“ಸ್ವಲ್ಪ ತಡೀರವ್ವ,” ಎಂದು ಮಾಸ್ತರರು ಹಾಳೆ ಮಡಚಲು ಹೋದರು.

ಮಾರ್ಚಿನ ಸೆಖೆಯಲ್ಲಿ ತಡೆಯುವುದು ಯಾರಿಗಾದರೂ ಕಷ್ಟವೇ. ಆಕೆ ಅವರ ಮುಂದಿನಿಂದ ಕೈ ಚಾಚಿ ಗಾಜನ್ನು ಸರ್ರನೆ ಹಿಂದಕ್ಕೆ ಸರಿಸಿದಳು. ಓಡುತ್ತಿದ್ದ ಬಸ್ಸಿಗೆ ಗಾಳಿ ತುಂಬಿಕೊಂಡು ನುಗ್ಗಿತು. ಹಾಳೆ ಎದ್ದು ಅವರ ಮುಖಕ್ಕೆ ಬಡಿಯಿತು. ಅದನ್ನು ಹಿಡಿದು ಕೆಳಗಿಳಿಸಿ ನೋಡುವಾಗ ಅದರ ಮೇಲೆ ಏನೂ ಇರಲಿಲ್ಲ.

“ಅಯ್ಯ, ಏನು ಹೋತ್ರಿ ಅದು? ಔಷಧದ ಪುಡಿ ಏನು?”

“ಇಲ್ಲವ್ವ,” ಅಂದರು ಮಾಸ್ತರರು. “ರಬ್ಬರ್ ಪುಡಿ.”

ಹೆಂಗಸು ಅವರ ಮುಖ ನೋಡಿದಳು. ರಬ್ಬರ್ ಪುಡಿ ಹೋದವರ ಮುಖದಂತೆ ಅದು ಅವಳಿಗೆ ಕಾಣಲಿಲ್ಲ. ಏನೋ ತಪ್ಪು ಮಾಡಿದೆ ಅನ್ನಿಸಿರಬೇಕು, ಬುಟ್ಟಿಯಲ್ಲಿ ಕೈಯಾಡಿಸಿ ಒಂದು ಬಾಟಲಿ ತೆಗೆದು ಅವರ ಕಡೆ ಹಿಡಿದಳು.

“ತಗೋರಿ,” ಅಂದಳು. “ನೀರು ಕುಡೀರಿ. ಗಂಟಲು ಒಣಗಿರ್ತೈತಿ.”

ಮಾಸ್ತರರು ಆಕೆಯನ್ನೇ ನೋಡುತ್ತ ಬಾಟಲಿ ತೆಗೆದುಕೊಂಡು, ಹೇಳಿದ ಹಾಗೆ ನೀರು ಕುಡಿದರು.